ವೈವಾಕ್ಕೆ ಬಂದ ಭಾವ

ನಾನು ಕಾಲೇಜಿನಲ್ಲಿ ಏನು ಕೆಲಸ ಮಾಡುತ್ತೇನೆಂದು ನಮ್ಮ ಅವ್ವನಿಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. “ಪಾಠ ಮಾಡೂದಿಲ್ಲ, ಪೇಪರ್ ತಿದ್ದೂದಿಲ್ಲ, ಒಂದ ಕಡೆ ಕುಂದ್ರೂದಂತೂ ಇಲ್ಲ. ಮತ್ತ ಪಗಾರ ಯಾತಕ್ಕ ಕೊಡ್ತಾರ ನಿನಗ?” ಎಂದು ಮನೆಗೆ ಬಂದವರೆದುರಿಗೇ ಕೇಳುತ್ತಾಳೆ. ಪ್ರೋಗ್ರಾಮ್ ಕೋಆರ್ಡಿನೇಟರ್ ಅಂದರೇನೆಂದು ಹೇಳಿ ಹೇಳಿ ನನಗೂ ಸಾಕಾಗಿತ್ತು. ಒಂದು ದಿನ ಸಿಟ್ಟಿನಿಂದ, “ಮದವಿ ಮನ್ಯಾಗ ಮದುಮಗಳೂ ಅಲ್ಲ, ಅಡಗಿ ಮಾಡಾಕಿನೂ ಅಲ್ಲ, ಆದ್ರೂ ಮುಂಜಾನಿಂದ ಸೆರಗ ನಡಕ್ಕ ಸಿಗಿಸ್ಕೊಂಡು ಓಡ್ಯಾಡತಿರ್ತಾಳಲ್ಲ ಒಬ್ಬಾಕಿ, ಆಕಿ ನಾ” ಅಂದೆ. ಅದಕ್ಕೆ ಅವ್ವ, “ಹಂಗ ಹೇಳು. ಎಲ್ಲಾರದೂ ಆದ ಮ್ಯಾಲ ಉಣ್ಣಾಕಿ” ಅಂದಳು. ಅಷ್ಟು ಸರಿಯಾಗಿ ನಮ್ಮ ಪ್ರಿನ್ಸಿಪಾಲರೂ ನನ್ನ ಕೆಲಸವನ್ನು ವಿವರಿಸಿದ್ದಿಲ್ಲ.

ನಮ್ಮದು ಗೋಕಾಕದ ಒಂದು ಪದವಿ ಕಾಲೇಜು. ಅಲ್ಲಿ ಸಮಾಜಕಾರ್ಯ ಪದವಿಯನ್ನು ನಡೆಸಿಕೊಂಡು ಹೋಗುವುದು ನನ್ನ ಪಾಲಿಗೆ ಬಂದದ್ದು. ಯಾರು ಯಾವ ಊರಿಗೆ ಕ್ಷೇತ್ರಕಾರ್ಯಕ್ಕೆ ಹೋಗಬೇಕು, ಯಾವ ಪಾಠ ಯಾವಾಗ, ಪರೀಕ್ಷೆಗೆ ಹೊರಗಿನಿಂದ ಯಾರನ್ನು ಕರೆಯಬೇಕು, ಬಂದವರಿಗೆ ಚಹಾ ಯಾವಾಗ, ಎಲ್ಲವೂ ನನ್ನ ತಲೆ ಮೇಲೆ. ಹುಡುಗರು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯಿಂದ ಬರುತ್ತಾರೆ. ಅದಕ್ಕೇ ನಾನು ವೇಳಾಪಟ್ಟಿಯನ್ನು ವಿಶ್ವವಿದ್ಯಾಲಯದ ಸುತ್ತೋಲೆ ನೋಡಿ ಮಾಡುವುದಿಲ್ಲ, ಬಸ್ಸು ನೋಡಿ ಮಾಡುತ್ತೇನೆ. ಮೂಡಲಗಿ ಕಡೆಯ ಬಸ್ಸು ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರಿಂದ ತುಂಬಿಕೊಂಡರೆ ಅದರಾಚೆ ನಿಂತ ನಮ್ಮವರಿಗೆ ಕಾಲಿಡಲು ಜಾಗ ಇರುವುದಿಲ್ಲ. ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನ ಹುಡುಗ ಸಂಜೆಯ ಬಸ್ಸು ತಪ್ಪಿಸಿಕೊಂಡರೆ ನಮ್ಮ ಮನೆಯಲ್ಲೇ ಊಟ. ಹೀಗೆ ಎಷ್ಟೋ ಮಂದಿ ಉಂಡು ಹೋಗಿದ್ದಾರೆ, ಅದರ ಬಗ್ಗೆ ನನಗೇನೂ ಬೇಸರವಿಲ್ಲ.

ಆದರೆ ಹೊರಗಿನ ಪರೀಕ್ಷಕರನ್ನು ಹುಡುಕುವ ಕೆಲಸ ಇದೆಯಲ್ಲ, ಅದು ಮಾತ್ರ ವೈರಿಗೂ ಬೇಡ. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಊರು, ಒಂದು ವಿಷಯ ಹಿಡಿದು ಅಧ್ಯಯನ ಮಾಡಿ, ಹೊರಗಿನಿಂದ ಬಂದ ಒಬ್ಬರ ಎದುರು ಕುಳಿತು ಉತ್ತರ ಹೇಳಬೇಕು. ಅದೇ ವೈವಾ. ಪರೀಕ್ಷಕರು ವಿದ್ಯಾರ್ಥಿಯ ಸಂಬಂಧಿಕರಾಗಿರಬಾರದು ಎಂದು ನಿಯಮ. ಬರೆದವರು ಯಾವ ಊರಿನವರೋ ಏನೋ! ಈ ಮೂರು ತಾಲೂಕಿನಲ್ಲಿ ಒಬ್ಬರಿಗೊಬ್ಬರು ಬೀಗರಲ್ಲದ, ಸೋದರಮಾವನಲ್ಲದ, ಕಾಕಾನ ಮಗನಲ್ಲದ ಮನುಷ್ಯನನ್ನು ತಂದು ತೋರಿಸಿ ನೋಡೋಣ. ಹಾಗಾಗಿ ನಾನೊಂದು ರೂಢಿ ಇಟ್ಟುಕೊಂಡಿದ್ದೇನೆ. ಯಾರನ್ನೇ ಕರೆದರೂ ಮೊದಲು ಫೋನಿನಲ್ಲಿ ಎಲ್ಲ ವಿದ್ಯಾರ್ಥಿಗಳ ಹೆಸರನ್ನು ಓದಿ ಹೇಳಿ, “ಇದ್ರಾಗ ನಿಮ್ಮ ಪೈಕಿ ಯಾರರ ಅದಾರೇನ್ರಿ?” ಎಂದು ಕೇಳುತ್ತೇನೆ. ಅವರು ಇಲ್ಲವೆಂದರೆ ದಿನಾಂಕ ಗಟ್ಟಿ.

ಆ ವರ್ಷದ ತಂಡದಲ್ಲಿ ಕೌಜಲಗಿಯ ಸೊಸೆಯೊಬ್ಬಳಿದ್ದಳು. ಎರಡು ಮಕ್ಕಳ ತಾಯಿ. ಮದುವೆಗೆ ಮೊದಲು ಪಿಯುಸಿ ಮುಗಿಸಿದ್ದವಳು, ಮಕ್ಕಳು ಶಾಲೆಗೆ ಹೋಗಲು ಶುರುವಾದ ಮೇಲೆ ನಮ್ಮಲ್ಲಿ ಸೇರಿದ್ದಳು. ದೊಡ್ಡ ಒಕ್ಕಲುತನದ ಮನೆ. ಹೆಣ್ಣುಮಗಳು ಕಾಲೇಜಿಗೆ ಹೋಗುವುದು ಯಾರಿಗೂ ಸೇರಿರಲಿಲ್ಲ, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಅವಳ ಅತ್ತೆ. ಮುದುಕಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಸೊಸೆಯ ಜೊತೆಗೆ ಮೊದಲ ದಿನವೇ ನನ್ನ ಕೋಣೆಗೆ ಬಂದು, “ನನಗ ಅಕ್ಷರ ಬರೂದಿಲ್ರಿ ಬಾಯಾರ. ಇಕಿ ಕಲೀಲಿ. ಮಕ್ಳನ್ನ ನಾ ನೋಡ್ಕೋತೇನಿ” ಅಂದಿದ್ದಳು. ಮಾವ ಮಾತ್ರ ಒಂದು ಷರತ್ತು ಹಾಕಿದ್ದರು. ಓದು ಎಲ್ಲಿಯಾದರೂ ಒಂದು ಸಲ ನಿಂತಿತೋ, ಅಲ್ಲಿಗೆ ಮುಗಿಯಿತು. ಮತ್ತೆ ಗೋಕಾಕದ ಬಸ್ಸು ಹತ್ತುವಂತಿಲ್ಲ.

ಅವಳು ನಿಲ್ಲಲಿಲ್ಲ. ಅಧ್ಯಯನಕ್ಕೆ ಅವಳು ಆರಿಸಿಕೊಂಡದ್ದು ಕುರಿಗಾರರ ಮಕ್ಕಳ ಓದನ್ನು. ಹಿಂಡಿನ ಜೊತೆಗೆ ತಾಯಿ ತಂದೆ ಊರೂರು ತಿರುಗುವಾಗ ಮಕ್ಕಳ ಶಾಲೆ ಏನಾಗುತ್ತದೆ ಎಂಬುದು ವಿಷಯ. ಕುರಿ ನಿಂತ ಹೊಲಗಳಿಗೆಲ್ಲ ನಡೆದು ಹೋಗಿ, ಆ ಹೆಣ್ಣುಮಕ್ಕಳ ಜೊತೆ ನೆಲದ ಮೇಲೆ ಕುಳಿತು ಮಾತಾಡಿಸಿಕೊಂಡು ಬರುತ್ತಿದ್ದಳು. ಜೊತೆಗೆ ಅತ್ತೆ ಇರಲೇಬೇಕು. ಅತ್ತೆ ಕುರಿಮರಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳಂತೆ, ಸೊಸೆ ಪ್ರಶ್ನೆ ಕೇಳುತ್ತಿದ್ದಳಂತೆ. ತರಗತಿಯಲ್ಲಿ ಅವಳ ಧ್ವನಿಗೆ ಮೈಕು ಬೇಕಿರಲಿಲ್ಲ. ನನಗೂ ಅವಳಿಗೂ ಎರಡು ಮೂರು ಸಲ ಜಗಳವೇ ಆಗಿದೆ, ಮತ್ತು ಹೇಳಿಬಿಡುತ್ತೇನೆ, ಅವಳು ಸೋತಿಲ್ಲ. ಒಳ್ಳೆಯ ಹುಡುಗಿ ಎಂದು ಅವಳ ಮೇಲೆ ನನಗೆ ಬಹಳ ಪ್ರೀತಿ.

ಆ ಸಲ ಪರೀಕ್ಷೆಗಳೆಲ್ಲ ಹಿಂದೆ ಬಿದ್ದು ಬಿದ್ದು ವೈವಾ ಕಬ್ಬಿನ ಹಂಗಾಮಿಗೆ ಬಂದು ನಿಂತಿತ್ತು. ಒಪ್ಪಿಕೊಂಡಿದ್ದ ಪರೀಕ್ಷಕರು ಹಿಂದಿನ ದಿನ ಮನೆಯಲ್ಲಿ ಏನೋ ತೊಂದರೆಯಾಗಿ ಬರುವುದಿಲ್ಲ ಅಂದುಬಿಟ್ಟರು. ಅಂಕಗಳನ್ನು ಕಂಪ್ಯೂಟರಿಗೆ ಏರಿಸಲು ಮರುದಿನ ಸಂಜೆ ಐದೇ ಕೊನೆ. ನಾನು ಕುಂತಲ್ಲಿ ಕೂಡದೆ, ನಿಂತಲ್ಲಿ ನಿಲ್ಲದೆ ಫೋನು ಹಚ್ಚಿ, ಹುಕ್ಕೇರಿಯ ಕಾಲೇಜೊಂದರ ಹಿರಿಯ ಅಧ್ಯಾಪಕರನ್ನು ಹಿಡಿದೆ. ಸಭ್ಯ ಮನುಷ್ಯ, ಒಳ್ಳೆಯ ಹೆಸರು. ರೂಢಿಯಂತೆ ಹೆಸರುಗಳನ್ನೆಲ್ಲ ಓದಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಯಾರೂ ನಮ್ಮ ಪೈಕಿ ಇಲ್ರಿ ಮೇಡಂ. ನಿಶ್ಚಿಂತಿ ಇರ್ರಿ” ಅಂದರು. ನಾನು ಅವತ್ತು ನಿಶ್ಚಿಂತೆಯಿಂದಲೇ ಮಲಗಿದೆ.

ಮರುದಿನ ಅವರು ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ಗೇಟಿನಿಂದ ಕರೆದುಕೊಂಡು ಬಂದು, ಕೋಣೆಯಲ್ಲಿ ಕೂರಿಸಿ, ಚಹಾ ಕೊಟ್ಟು, ಒಬ್ಬೊಬ್ಬರನ್ನೇ ಒಳಗೆ ಕಳಿಸಲು ಶುರು ಮಾಡಿದೆ. ಚೆನ್ನಾಗಿಯೇ ನಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲರದೂ ಮುಗಿದು ಕೌಜಲಗಿಯವಳೊಬ್ಬಳೇ ಉಳಿದಳು. ಕರೆದರೆ ಆಸಾಮಿ ಇಲ್ಲ! ಬೆಳಿಗ್ಗೆ ನೋಡಿದ್ದೆ, ಅತ್ತೆಯ ಜೊತೆ ಬೇವಿನ ಗಿಡದ ಕೆಳಗೆ ಕುಳಿತು ತನ್ನಷ್ಟಕ್ಕೆ ಉತ್ತರ ಒಪ್ಪಿಸಿಕೊಳ್ಳುತ್ತಿದ್ದಳು. ಕಾಲೇಜೆಲ್ಲ ಹುಡುಕಿ, ಕೊನೆಗೆ ಹುಡುಗಿಯರ ವಿಶ್ರಾಂತಿ ಕೋಣೆಯ ಮೂಲೆಯಲ್ಲಿ ಸಿಕ್ಕಳು. ಸೆರಗು ತಲೆ ತುಂಬ ಹೊದ್ದುಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ಏನವ್ವ ಇದು? ಒಳಗ ಕರ್ಯಾಕತ್ತಾರ, ನೀ ಇಲ್ಲಿ ಅಡಗಿ ನಿಂತೀಯಲ್ಲ!” ಅಂದೆ.

“ನಾ ಬರೂದಿಲ್ರಿ ಮೇಡಂ.”

“ಬರೂದಿಲ್ಲ ಅಂದ್ರ?”

ಅವಳು ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಬಾಜೂ ನಿಂತಿದ್ದ ಅತ್ತೆ ಹೇಳಿದಳು. “ಒಳಗ ಕುಂತಾನಲ್ರಿ, ಅಂವ ನಮ್ಮ ಭಾವನವರ ಮಗ. ಇಕಿಗಿ ಭಾವ ಆಗಬೇಕು. ಭಾವನ ಮುಂದ ಹೆಂಗ ಮಾತಾಡ್ತಾಳ್ರಿ?”

ನಾನು ಕೂಗಿಯೇಬಿಟ್ಟೆ. “ಅವ್ರು ತಮ್ಮ ಪೈಕಿ ಯಾರೂ ಇಲ್ಲಂದ್ರಲ್ರಿ! ನಾ ಹೆಸರ ಓದೇನಿ!”

“ಯಾವ ಹೆಸರ ಓದೀರಿ?”

ಹೇಳಿದೆ.

“ಅದು ಆಕಿ ತವರಮನಿ ಹೆಸರ್ರಿ” ಅಂದಳು ಮುದುಕಿ. “ನಮ್ಮ ಮನಿಗಿ ಬಂದ ಮ್ಯಾಲ ಅಕ್ಕಿಯೊಳಗ ಬರಸಿ ಬ್ಯಾರೆ ಇಟ್ಟೇವಲ್ಲ. ಅಂವಗ ಈ ಹೆಸರ ಹೆಂಗ ಗೊತ್ತಿರ್ತೈತಿ?”

ನಾನು ಅಲ್ಲೇ ಇದ್ದ ಬೆಂಚಿನ ಮೇಲೆ ಕುಸಿದು ಕುಳಿತೆ. ನಮ್ಮ ಕಡೆ ಮದುವೆಯಲ್ಲಿ ತಟ್ಟೆಯೊಳಗಿನ ಅಕ್ಕಿಯ ಮೇಲೆ ಗಂಡನ ಕೈಯಿಂದ ಹೊಸ ಹೆಸರು ಬರೆಸುವುದು ಎಲ್ಲರಿಗೂ ಗೊತ್ತಿದ್ದ ಮಾತು. ನನಗೂ ಬರೆಸಿದ್ದರು. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಊರ ಬಾಯಲ್ಲಿ ಅತ್ತೆಮನೆಯ ಹೆಸರು. ಅವರೂ ಸುಳ್ಳು ಹೇಳಿರಲಿಲ್ಲ, ನಾನೂ ತಪ್ಪು ಓದಿರಲಿಲ್ಲ.

ಆದರೂ ನನ್ನ ಸಿಟ್ಟು ಸುಮ್ಮನಿರಬೇಕಲ್ಲ. ಮೂಗಿನ ತುದಿಯಲ್ಲೇ ಇರುತ್ತದೆ ಅದು. “ಅಲ್ಲವ್ವ, ನನ್ನ ಕೂಡ ಹುಲಿ ಹಂಗ ಜಗಳಾಡ್ತಿ, ಭಾವನ್ನ ನೋಡಿದ ಕೂಡಲೇ ಬಾಯಾಗ ನಾಲಗಿ ಇಲ್ಲೇನು? ಇವತ್ತ ಗೈರುಹಾಜರ ಬಿತ್ತಂದ್ರ ಒಂದ ವರ್ಷ ಹೋತಲ್ಲ!” ಎಂದು ರೇಗಿದೆ.

ಅವಳು ಅಳಲು ಶುರು ಮಾಡಿದಳು. ಅಳುತ್ತಲೇ, “ವರ್ಷ ಅಲ್ರಿ ಮೇಡಂ, ನಂದು ಮುಗದ ಹೋತ್ರಿ. ಮಾವಾರ ಮತ್ತ ಕಳಸೂದಿಲ್ರಿ. ನಾ ಒಳಗ ಹೋಗಿ ಕುಂತ್ರೂ ಬಾಯಿಂದ ಮಾತ ಬರೂದಿಲ್ರಿ, ನನಗ ಗೊತ್ತೈತಿ” ಅಂದಳು. ನಾಟಕವಲ್ಲ ಅದು. ಮದುವೆಯಾದಾಗಿನಿಂದ ಭಾವ ಬಂದರೆ ಒಳಕೋಣೆಗೆ ಸರಿದು ನಿಂತವಳು, ಊಟಕ್ಕೆ ಬಡಿಸಿದರೂ ಮಾತಾಡದವಳು. ನನ್ನ ಸಿಟ್ಟು ಇಳಿಯಿತು.

ಸಂಬಂಧ ಗೊತ್ತಾದ ಮೇಲೆ ನಿಯಮ ಬೇರೆ ಇತ್ತು. ಅವಳು ಧೈರ್ಯ ಮಾಡಿದರೂ ಅವರು ನೋಡುವಂತಿರಲಿಲ್ಲ. ನಾನು ಕೋಣೆಗೆ ಹೋಗಿ ಅಧ್ಯಾಪಕರಿಗೆ ಸಂಗತಿ ಹೇಳಿದೆ. ಅವರಿಗೂ ದಿಗಿಲಾಯಿತು. “ನಮ್ಮ ತಮ್ಮನ ಹೇಣ್ತಿನಾ? ಏನೋ ಕಲ್ಯಾಕ ಹೋಗ್ತಾಳ ಅಂತ ಕೇಳಿದ್ದೆ. ಡಿಗ್ರಿ ಅಂತ ಯಾರೂ ಹೇಳಿಲ್ರಿ ನನಗ. ಛೇ ಛೇ, ನಾ ನೋಡಾಂಗಿಲ್ರಿ” ಎಂದು ಎದ್ದೇ ನಿಂತರು. ಹೊರಗೆ ಬಂದು ತಮ್ಮ ಚಿಕ್ಕಮ್ಮನಾದ ಮುದುಕಿಯನ್ನು ನೋಡಿ, “ಕಾಕು, ನನಗೊಂದ ಮಾತ ಹೇಳಬಾರದೇನ?” ಅಂದರು.

“ನೀ ಯಾವಾಗ ಕೇಳಿದ್ದಿ?” ಅಂದಳು ಕಾಕು.

ಇನ್ನೊಬ್ಬ ಪರೀಕ್ಷಕರು ಬೇಕು, ಅದೂ ಐದರೊಳಗೆ. ಪ್ರಿನ್ಸಿಪಾಲರು ಒಪ್ಪಿಗೆ ಕೊಟ್ಟು, “ನೀವ ಹೆಂಗಾರ ಮಾಡ್ರಿ” ಎಂದು ಕೈ ಮುಗಿದರು. ವಿಶ್ವವಿದ್ಯಾಲಯ ಒಪ್ಪಿದ ಪರೀಕ್ಷಕರ ಪೈಕಿ ಹತ್ತಿರದವರೆಂದರೆ ಮೂಡಲಗಿಯ ಹಿರಿಯ ಮೇಡಂ ಒಬ್ಬರೇ. ಅವರು ಅಂದರೆ ನನಗೂ ಒಳಗೊಳಗೇ ಅಂಜಿಕೆ. ಹುಡುಗರಿಗೆ ಪ್ರಶ್ನೆ ಕೇಳಿ ಕೇಳಿ ನೀರು ಇಳಿಸುವವರು. ಫೋನು ಮಾಡಿದೆ. ಈ ಸಲ ಎರಡೂ ಹೆಸರು ಹೇಳಿದೆ, ತವರಿನದೂ, ಗಂಡನ ಮನೆಯದೂ, ಜೊತೆಗೆ ಎರಡೂ ಮನೆತನದ ಕುಲಗೋತ್ರ ಬಿಚ್ಚಿಟ್ಟೆ. “ಏ, ನಮಗೂ ಅವ್ರಿಗೂ ಯಾವ ದಿಕ್ಕಿಂದೂ ಸಂಬಂಧ ಇಲ್ಲ ಬಿಡು. ಬರತೇನಿ” ಅಂದರು.

ಬರುತ್ತೇನೆ ಅಂದದ್ದೇನೋ ಸರಿ, ಬರಬೇಕಲ್ಲ! ಸ್ವಲ್ಪ ಹೊತ್ತಿಗೆ ಅವರದೇ ಫೋನು. ಅರಭಾವಿ ದಾಟಿದ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದಿನ ಡಬ್ಬಿ ರಸ್ತೆಗಡ್ಡ ಮಗುಚಿ ಬಿದ್ದಿದೆ, ಬಸ್ಸು ಹಿಂದೆಯೂ ಸರಿಯದು ಮುಂದೆಯೂ ಸರಿಯದು. ನಾನು ಗೋಡೆ ಗಡಿಯಾರ ನೋಡುತ್ತ, ಮನೆದೇವರಿಗೆ ಕಾಯಿ ಹರಕೆ ಹೊತ್ತೆ. ಆ ಕಡೆ ಹುಡುಗಿ ವಿಶ್ರಾಂತಿ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಹೋಗಿ ನೋಡಿದರೆ ಮುದುಕಿ ಅವಳ ಮುಖ ತೊಳೆಸಿ ಸೆರಗಿನಿಂದ ಒರೆಸುತ್ತಿದ್ದಳು. “ಊರಿಗಿ ಬಂದಾಕಿ ನೀರಿಗಿ ಬರಲಾರದ ಇರ್ತಾಳೇನ? ಕಾಲೇಜಿಗಿ ಬಂದಿ ಅಂದ ಮ್ಯಾಲ ಆ ಕುರ್ಚಿ ಮ್ಯಾಲ ಕುಂದ್ರೂದ ಐತಿ. ಇವತ್ತ ಕುಂದ್ರು” ಅನ್ನುತ್ತಿದ್ದಳು. ಹುಡುಗಿ ಹೂಂ ಎಂದು ತಲೆಯಾಡಿಸಿದಳು.

ನಾಲ್ಕು ಹೊಡೆಯುವ ಹೊತ್ತಿಗೆ ಮೂಡಲಗಿ ಮೇಡಂ ಗೇಟಿನೊಳಗೆ ಬಂದರು. ಹೇಗೆ ಬಂದರೆನ್ನುತ್ತೀರಿ? ಬಸ್ಸಿಳಿದು, ಬಿದ್ದ ಕಬ್ಬನ್ನು ದಾಟಿ ಆ ಬದಿಗೆ ನಡೆದು, ಹಾಲಿನ ಕ್ಯಾನು ಹೇರಿದ ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು! ಸೀರೆಯ ತುಂಬ ಧೂಳು. “ನೀರ ಕೊಡು. ಹುಡುಗಿ ಎಲ್ಲಿ?” ಇಷ್ಟೇ ಮಾತು. ಹುಡುಗಿ ಒಳಗೆ ಹೋದಳು, ಬಾಗಿಲು ಮುಚ್ಚಿತು.

ಹುಕ್ಕೇರಿಯ ಅಧ್ಯಾಪಕರು ಹೋಗಿರಲಿಲ್ಲ. ಅವರ ಕೆಲಸ ಮುಗಿದಿತ್ತು, ಆದರೂ ವರಾಂಡದಲ್ಲಿ ಕುಳಿತೇ ಇದ್ದರು. ಈ ಗದ್ದಲದಲ್ಲಿ ಅವರಿಗೆ ಮಧ್ಯಾಹ್ನದ ಊಟ ಹಾಕಿಸುವುದನ್ನೇ ನಾನು ಮರೆತಿದ್ದೆ. ಮುದುಕಿ ಗಂಟು ಬಿಚ್ಚಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಅವರ ಕೈಗೆ ಕೊಟ್ಟಳು. ನನಗೂ ಕೊಟ್ಟಳು. ಎಲ್ಲರೂ ತಿನ್ನುತ್ತಿದ್ದೆವು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ. “ಅಲ್ರಿ ಸರ್, ನೀವು ಇಷ್ಟ ಓದಿದವ್ರು. ನಿಮ್ಮ ಮುಂದ ಮಾತಾಡಬ್ಯಾಡ ಅಂತ ಆಕಿಗಿ ಹೇಳಿದವ್ರ್ಯಾರು?”

ಅವರು ರೊಟ್ಟಿ ಮುರಿಯುತ್ತ ಅಂದರು. “ಯಾರೂ ಹೇಳಿಲ್ರಿ. ಮಾತಾಡು ಅಂತನೂ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ.”

ಮುಚ್ಚಿದ ಬಾಗಿಲಿನಾಚೆಯಿಂದ ಮಾತು ಕೇಳಿಸತೊಡಗಿತು. ಮೊದಲು ಒಂದು ಸಣ್ಣ ಪ್ರಶ್ನೆ, ಆಮೇಲೆ ಇನ್ನೊಂದು. ಆಮೇಲೆ ಒಂದು ಧ್ವನಿ ಏರಿತು. “ಮಕ್ಳನ್ನ ಹಾಸ್ಟೆಲ್ಲಿಗಿ ಹಾಕ್ರಿ ಅನ್ನೂದು ಸಸಾರ್ರಿ. ಆರ ವರ್ಷದ ಕೂಸನ್ನ ಅವ್ವನ್ನ ಬಿಟ್ಟು ಮಲಗಸ್ರಿ ನೋಡೂನು. ಸಾಲಿ ಒಂದ ಕಡೆ ನಿಂತೈತಿ, ಕುರಿ ನಿಲ್ಲೂದಿಲ್ಲ. ಕುರಿ ನಿಲ್ಲಸಾಕ ಆಗೂದಿಲ್ಲ ಅಂದ್ರ ಸಾಲಿನೇ ನಡೀಬೇಕ್ರಿ!” ಒಂದರ ಹಿಂದೆ ಒಂದು ಮಾತು, ತಡವರಿಕೆಯಿಲ್ಲ, ಅಂಜಿಕೆಯಿಲ್ಲ.

ಅಧ್ಯಾಪಕರು ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಮುಖದಲ್ಲಿ ಕನಿಕರ. “ಮೂಡಲಗಿ ಮೇಡಂ ಭಾಳ ಜೋರ ಅದಾರಲ್ರಿ. ವಿಷಯಾ ಚೊಲೊ ಗೊತ್ತೈತಿ, ಖರೆ. ಆದ್ರ ಆ ಹುಡುಗಿಗಿ ಒಂದ ಮಾತ ಆಡಾಕ ಬಿಡವಲ್ರು. ಪಾಪ, ಬಾಯಿ ಬಿಟ್ಟಿಲ್ಲ ನೋಡ್ರಿ ಆಕಿ.”

ನಾನು ಮುದುಕಿಯ ಮುಖ ನೋಡಿದೆ. ಮುದುಕಿ ನನ್ನ ಮುಖ ನೋಡಿದಳು.

“ಸರ್” ಅಂದೆ, “ಮೇಡಮ್ಮಾರು ಸುಮ್ಮ ಕುಂತಾರ್ರಿ. ಮಾತಾಡಾಕತ್ತಾಕಿ ನಿಮ್ಮ ತಮ್ಮನ ಹೇಣ್ತಿ.”

ಅವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಬಾಗಿಲಿನ ಕಡೆಗೆ ಕಿವಿ ಕೊಟ್ಟು, ಒಳಗಿನ ಧ್ವನಿ ನಿಲ್ಲುವವರೆಗೆ ಹಾಗೆಯೇ ಕುಳಿತಿದ್ದರು. ಎಷ್ಟೋ ಹಬ್ಬಗಳಲ್ಲಿ ಆ ಕೈಯಿಂದ ಹೋಳಿಗೆ ಬಡಿಸಿಕೊಂಡು ಉಂಡವರು ಅವರು.

ಬಾಗಿಲು ತೆರೆಯಿತು. ಹುಡುಗಿ ಹೊರಗೆ ಬಂದಳು, ಹಣೆಯ ಮೇಲೆ ಬೆವರು, ಕಣ್ಣಲ್ಲಿ ಬೆಳಕು. ಭಾವನನ್ನು ಕಂಡದ್ದೇ ತಡ, ಕೈ ತಾನಾಗಿಯೇ ಸೆರಗಿಗೆ ಹೋಯಿತು, ಕಾಲು ಗೋಡೆಯ ಕಡೆಗೆ ಸರಿಯಿತು. ಅವರು ಎದ್ದು ನಿಂತರು.

“ಹೆಂಗಾತವಾ?” ಎಂದು ಕೇಳಿದರು. ನೇರ ಅವಳನ್ನೇ.

ಅವಳು ಅತ್ತೆಯ ಮುಖ ನೋಡಿದಳು. ಇಂಥ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಬರಬೇಕಾದದ್ದು. ಮುದುಕಿ ರೊಟ್ಟಿಯ ಬಟ್ಟೆ ಮಡಚುತ್ತ, ತಲೆ ಕೂಡ ಎತ್ತದೆ, “ನನ್ನ ಮಾರಿ ಯಾಕ ನೋಡ್ತಿ? ನನ್ನ ಕೇಳಿಲ್ಲ ಅಂವ” ಅಂದಳು.

ಅವಳು ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದಳು.

“ಚೊಲೊ ಆತ್ರಿ, ಭಾವಾರ” ಅಂದಳು ಹುಡುಗಿ.

ಅಷ್ಟರಲ್ಲಿ ಒಳಗಿನಿಂದ ಮೂಡಲಗಿ ಮೇಡಂ, “ಏ ಕೋಆರ್ಡಿನೇಟರ್, ಮಾರ್ಕ್ಸ್ ಹಾಕ್ತೀಯೋ ಅಲ್ಲೇ ನಿಂತು ರೊಟ್ಟಿ ತಿಂತೀಯೋ? ಐದಾಗಾಕ ಬಂತು!” ಎಂದು ಗದರಿದರು. ನಾನು ಓಡಿದೆ. ಯಾವ ಹುಡುಗರಿಗೂ ಆ ಮೇಡಂ ಕೊಡದಂಥ ಅಂಕ ಕೊಟ್ಟಿದ್ದರು. ಕಂಪ್ಯೂಟರ್ ಅದನ್ನು ಒಪ್ಪಿಕೊಂಡಿತು, ಇನ್ನೂ ಸ್ವಲ್ಪ ಹೊತ್ತು ಉಳಿದೂ ಇತ್ತು. ಓಡಿ ಬರುವಾಗ ಕೈಯಲ್ಲೇ ತಂದಿದ್ದ ನನ್ನ ಪಾಲಿನ ಅರ್ಧ ರೊಟ್ಟಿ ಮೇಜಿನ ಮೇಲಿತ್ತು. ಅದನ್ನು ಸಮಾಧಾನದಿಂದ ಕುಳಿತು ತಿಂದೆ. ಅವ್ವ ಹೇಳಿದ ಹಾಗೆ, ಎಲ್ಲರದೂ ಆದ ಮೇಲೆ. ಅಂಥ ರುಚಿ ಮತ್ತೆ ಯಾವ ಊಟದಲ್ಲೂ ಸಿಕ್ಕಿಲ್ಲ.

ಮೂಡಲಗಿ ಮೇಡಂ ಅವರನ್ನು ಕಳಿಸಿ, ಬಾಗಿಲಿಗೆ ಬೀಗ ಹಾಕಿ ಹೊರಗೆ ಬಂದರೆ ಉಳಿದ ಮೂವರೂ ಇನ್ನೂ ಅಲ್ಲೇ ಇದ್ದರು. ಅಧ್ಯಾಪಕರು ಮೆಟ್ಟಿಲ ಮೇಲೆ ಕುಳಿತು, ಪರೀಕ್ಷಕರ ಗತ್ತೆಲ್ಲ ಬಿಟ್ಟು ಕೇಳುತ್ತಿದ್ದರು. “ಸಾಲಿ ನಡೀಬೇಕು ಅಂದಿಯಲ್ಲವಾ, ಅಂದ್ರ ಹೆಂಗ? ಮಾಸ್ತರು ಕುರಿ ಹಿಂದ ಹೋಗೂದೇನು?” ಹುಡುಗಿ ನಿಂತೇ ಇದ್ದಳು, ಸೆರಗು ತಲೆಯ ಮೇಲೇ ಇತ್ತು, ಕಣ್ಣು ನೆಲದ ಮೇಲೆ. ಆದರೆ ಮಾತು ನಿಂತಿರಲಿಲ್ಲ. ಯಾವ ತಿಂಗಳು ಹಿಂಡು ಯಾವ ಊರಿನ ಹೊಲದಲ್ಲಿ ಇರುತ್ತದೆ, ಅಲ್ಲಿನ ಶಾಲೆಯಲ್ಲಿ ಮಕ್ಕಳನ್ನು ಅಷ್ಟು ದಿನಕ್ಕೆ ಕೂರಿಸಿಕೊಂಡರೆ ಏನಾಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ನಡುವೆ ಒಮ್ಮೆ, “ಹಂಗಲ್ರಿ ಭಾವಾರ, ನೀವು ತಪ್ಪು ತಿಳದೀರಿ” ಎಂದೂ ಅಂದಳು. ಅವರು, “ಹೌದೇನು? ಹೇಳು ಹೇಳು” ಎಂದು ಇನ್ನಷ್ಟು ಹತ್ತಿರ ಬಾಗಿದರು.

ಮುದುಕಿ ಬೇವಿನ ಗಿಡದ ಕೆಳಗೆ ಗಂಟಿನ ಮೇಲೆ ಕೈಯಿಟ್ಟು ಕುಳಿತಿದ್ದಳು. ನಾನು ಗಾಬರಿಯಿಂದ ಗಡಿಯಾರ ನೋಡಿ, “ಯವ್ವಾ, ಕೌಜಲಗಿ ಬಸ್ಸು ಹೋಗೇಬಿಡ್ತೈತಲ್ಲ, ಎಬ್ಬಸ್ರಿ ಅವ್ರನ್ನ!” ಅಂದೆ.

“ಇಷ್ಟ ವರ್ಷದ್ದ ಮಾತ ಐತ್ರಿ ಬಾಯಾರ, ಮಾತಾಡ್ಲಿ ಬಿಡ್ರಿ” ಅಂದಳು. “ನಾವು ಮುಂದಿನ ಬಸ್ಸಿಗಿ ಹೋಗ್ತೇವಿ.”